ಗೆಳೆಯರ ಊರು, ಭಾಗ 4: ಅರಳಗುಪ್ಪೆಗೆ ಹೋದ್ರೆ ತಲೆ ಎತ್ತಿ ನೋಡಿ

ಜಪಾನಿನ ಹಳ್ಳಿಯಲ್ಲಿ ಗೆಳೆಯರ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದವರ ರೀಲ್‌ಗಳನ್ನ ನಿಮ್ಮಲ್ಲಿ ಅರ್ಧ ಜನ ಸೇವ್ ಮಾಡಿಟ್ಟಿದ್ದೀರ, ಗೊತ್ತು. ನಾನೂ ಮಾಡಿದ್ದೀನಿ. ಅಲ್ಲಿ ಶಿರಕಾವಾ-ಗೋ ಅಂತ ಒಂದು ಊರು. ಕಡಿದಾದ ಹುಲ್ಲಿನ ಚಾವಣಿ, ಅಟ್ಟದಲ್ಲಿ ರೇಷ್ಮೆ ಹುಳು ಸಾಕ್ತಿದ್ರು, ಕೆಳಗಿನ ಒಲೆಯ ಬಿಸಿ ಮೇಲಕ್ಕೆ ಹೋಗ್ತಿತ್ತು. 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ನನ್ನ ಗೆಳತಿಯ ಮನೆಯಲ್ಲೂ ಅಟ್ಟ ಇದೆ. ಅಲ್ಲಿ ಹುಳು ಬದಲು ತೆಂಗಿನಕಾಯಿ. ಸಿಪ್ಪೆ ಸಮೇತ ವರ್ಷದ ಹತ್ತಿರ ಇಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಲೊಟಲೊಟ ಅನ್ನುತ್ತೆ. ಅದೇ ಉಂಡೆ ಕೊಬ್ಬರಿ. "ನಮ್ಮೂರಲ್ಲಿ ನೋಡೋಕೆ ಏನೈತೆ, ಬರೀ ತೋಟ" ಅಂತಾಳೆ ಅವಳು.

ಇರೋದು ಇದು: ಊರೊಳಗಿನ ಕಲ್ಲೇಶ್ವರ ಗುಡಿ. 9ನೇ ಶತಮಾನದ ಕೊನೆಯದು, ಗಂಗ-ನೊಳಂಬರ ಕಾಲದ್ದು. ಹೊರಗಿನಿಂದ ನೋಡಿದ್ರೆ ಅಂಥ ವಿಶೇಷ ಅನ್ನಿಸಲ್ಲ. ಒಳಗೆ ಹೋಗಿ ಮಂಟಪದ ನಡುವೆ ನಿಂತು ಮೇಲೆ ನೋಡಿ. ಕುಣಿಯುತ್ತಿರೋ ಶಿವ, ಪಕ್ಕದಲ್ಲಿ ವಾದ್ಯ ನುಡಿಸೋರು, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು, ತಮ್ಮ ತಮ್ಮ ವಾಹನ, ಪರಿವಾರದ ಜೊತೆ. ಕತ್ತು ನೋಯುತ್ತೆ, ನೋಯಲಿ. ಸಾಧ್ಯವಾದ್ರೆ ನೆಲದ ಮೇಲೆ ಮಲಗಿ ನೋಡಿ.

ಜಪಾನ್ ಹುಚ್ಚಿರೋರು ಇಲ್ಲಿ ಕೇಳಿ. ಈ ದಿಕ್ಪಾಲಕರು ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಜಪಾನಿಗೂ ಹೋಗಿದ್ದಾರೆ. ಇಂದ್ರ ಅಲ್ಲಿ ತೈಶಕುತೆನ್, ವರುಣ ಸುಯಿತೆನ್, ವಾಯು ಫೂತೆನ್. ಯಮನೇ ಎನ್ಮಾ. 'ಒನ್ ಪೀಸ್'ನಲ್ಲಿ ಝೋರೋ ಕೈಗೆ ಬಂದ ಕತ್ತಿಯ ಹೆಸರು ನೆನಪಾಯ್ತಾ? ಕ್ಯೋಟೋದ ತೋ-ಜಿ ದೇವಾಲಯಕ್ಕಾಗಿ 1127ರಲ್ಲಿ ಬರೆದ ಇವರ ಚಿತ್ರಗಳು ಇವತ್ತಿಗೂ ಇವೆ. ಅರಳಗುಪ್ಪೆಯ ಕಲ್ಲು ಅದಕ್ಕಿಂತ ಇನ್ನೂರು ವರ್ಷಕ್ಕೂ ಹಳೇದು.

ಸರಿ, ಈ ನೊಳಂಬರು ಯಾರು? ನಮ್ಮ ಪಠ್ಯಪುಸ್ತಕದಲ್ಲಿ ಕದಂಬರು, ಗಂಗರು, ಚಾಲುಕ್ಯರು, ರಾಷ್ಟ್ರಕೂಟರು ಅಂತ ಬಾಯಿಪಾಠ ಮಾಡಿದ್ವಿ. ನೊಳಂಬರಿಗೆ ಸಿಕ್ಕಿದ್ದು ಹೆಚ್ಚಂದ್ರೆ ಅರ್ಧ ಸಾಲು. ಅವರ ನಾಡನ್ನ ಶಾಸನಗಳು 'ನೊಳಂಬವಾಡಿ 32000' ಅಂತ ಕರೀತವೆ. ರಾಜಧಾನಿ ಹೆಂಜೇರು, ಅಂದ್ರೆ ಈಗಿನ ಹೇಮಾವತಿ. ಗಡಿ ಎಳೆದಾಗ ಅದು ಆಂಧ್ರದ ಪಾಲಾಯ್ತು, ನಮ್ಮ ಶಿರಾದಿಂದ ದೂರ ಏನಿಲ್ಲ. 10ನೇ ಶತಮಾನದಲ್ಲಿ ಗಂಗರ ಇಮ್ಮಡಿ ಮಾರಸಿಂಹ ಇವರನ್ನ ಸೋಲಿಸಿ 'ನೊಳಂಬಕುಲಾಂತಕ' ಅಂತ ಬಿರುದು ಹಾಕ್ಕೊಂಡ. ನೊಳಂಬರ ಕುಲಕ್ಕೇ ಯಮ ಅಂತ! ಆಮೇಲೆ ಚೋಳರ ಸರದಿ. ನೊಳಂಬರ ಕೆತ್ತನೆಯ ಕಂಬಗಳು ಇವತ್ತೂ ತಂಜಾವೂರು ಹತ್ತಿರದ ತಿರುವೈಯಾರಿನ ಗುಡಿಯಲ್ಲಿ ನಿಂತಿವೆ. ಗೆದ್ದವರು ಕಂಬವನ್ನೂ ಹೊತ್ಕೊಂಡು ಹೋಗ್ತಾರೆ ನೋಡಿ.

ಆದ್ರೆ ಆ ಬಿರುದು ಸುಳ್ಳಾಯ್ತು. ನೊಳಂಬರು ಆಮೇಲೂ ಚಾಲುಕ್ಯರ ಸಾಮಂತರಾಗಿ ಶಾಸನಗಳಲ್ಲಿ ಕಾಣಿಸಿಕೊಳ್ತಾರೆ. ಇನ್ನೂ ಮುಖ್ಯ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ 'ನೊಣಬರು' ಅನ್ನೋ ಹೆಸರು ಹೊಸದಲ್ಲ. ಅದು 'ನೊಳಂಬ'ದಿಂದಲೇ ಬಂದದ್ದು ಅಂತ ಬಿ.ಎಲ್. ರೈಸ್ ಆಗಲೇ ಬರೆದಿದ್ದಾರೆ. ಪಠ್ಯದಲ್ಲಿ ಇಲ್ಲದ ರಾಜವಂಶ ನಮ್ಮ ಕ್ಲಾಸಿನ ಹಾಜರಿ ಪುಸ್ತಕದೊಳಗೇ ಕೂತಿರಬಹುದು.

ಅದೇ ಊರಲ್ಲಿ ಚೆನ್ನಕೇಶವ ಗುಡಿಯೂ ಇದೆ, ಇದು ಹೊಯ್ಸಳರದ್ದು, 13ನೇ ಶತಮಾನ, ನಕ್ಷತ್ರದ ಆಕಾರ. ಬೇಲೂರಿನ ಸಾಲು ಇಲ್ಲಿಲ್ಲ, ಎಷ್ಟು ಹೊತ್ತು ಬೇಕಾದ್ರೂ ನಿಂತು ನೋಡಬಹುದು. ಇಲ್ಲಿ ಕೆಲಸ ಮಾಡಿದ ಶಿಲ್ಪಿಯ ಹೆಸರು ಹೊನೋಜ. ಕಲ್ಲೇಶ್ವರದ ಚಾವಣಿ ಕೆತ್ತಿದವನ ಹೆಸರನ್ನ ನಮ್ಮೂರ ಕಡೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಬೆಂಗಳೂರು-ಅರಸೀಕೆರೆ ರೈಲು ಮಾರ್ಗದಲ್ಲಿ ಅರಳಗುಪ್ಪೆ ಹೆಸರಿನ ಸ್ಟೇಷನ್ನೇ ಇದೆ. ಎಲ್ಲಾ ರೈಲೂ ನಿಲ್ಲಲ್ಲ, ಪ್ಯಾಸೆಂಜರ್ ನೋಡ್ಕೊಂಡು ಬನ್ನಿ. ಬೆಳಗ್ಗೆಯೇ ಬಂದ್ರೆ ಮಂಟಪದೊಳಗೆ ಬೆಳಕು ಚೆನ್ನಾಗಿರುತ್ತೆ, ಟಾರ್ಚು ಇದ್ರೂ ತನ್ನಿ. ಎಂಟರಲ್ಲಿ ಯಮ ಯಾರು ಅಂತ ಕೋಣ ನೋಡಿ ಕಂಡುಹಿಡಿದು ಕಾಮೆಂಟಲ್ಲಿ ಹಾಕಿ.