ಸುಂಕದ ಬಾಗಿಲು ದಾಟಿದ ಹೇರೆತ್ತುಗಳು

ವಿಜಯನಗರದ ಅರಸರ ಬಗ್ಗೆ ದಾಖಲೆಗಳಿಗೆ ಬರವಿಲ್ಲ. ಆದರೆ ಆ ಮಹಾನಗರಕ್ಕೆ ದಿನವೂ ಅಕ್ಕಿ, ಬೇಳೆ, ಎಣ್ಣೆ ಬರುತ್ತಿದ್ದುದು ಯಾವ ದಾರಿಯಲ್ಲಿ? ಸುತ್ತಲಿನ ಪೇಟೆಗಳಿಗೂ ರಾಜಧಾನಿಗೂ ಇದ್ದ ಕೊಡುಕೊಳೆ ಎಂಥದು? ಈ ಪ್ರಶ್ನೆ ಹಿಡಿದು ಹುಡುಕಲು ಹೊರಟಾಗ ಮೊದಲು ಸಿಕ್ಕಿದ್ದು ಒಂದು ಬೀದಿ.

ಶಾಸನತಜ್ಞ ಹುಲ್ಷ್ 1890ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಶಾಸನಗಳ ಮೊದಲ ಸಂಪುಟದಲ್ಲಿ ಎರಡನೇ ದೇವರಾಯನ 1426ರ ಸಂಸ್ಕೃತ ಶಾಸನವಿದೆ. ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯ ಕಟ್ಟಿಸಿದ್ದನ್ನು ಹೇಳುವ ಆ ಶಾಸನ ಅದರ ನೆಲೆಯನ್ನೂ ಹೇಳುತ್ತದೆ: ಎಲೆ ಅಡಿಕೆ ಮಾರುವ ಅಂಗಡಿಬೀದಿ. ಚೈತ್ಯಾಲಯ ಇಂದಿಗೂ ಹಂಪಿಯಲ್ಲಿದೆ. ಬೀದಿಯ ಅವಶೇಷವೂ ಅಲ್ಲೇ ಇದೆ. ಅಡಿಕೆ ದೂರದಿಂದ ಬಂದೀತು. ವೀಳ್ಯದೆಲೆ ಹಾಗಲ್ಲ, ಬೇಗ ಬಾಡುತ್ತದೆ. ಅದರ ತೋಟ ಹತ್ತಿರದಲ್ಲೇ ಇರಬೇಕು, ತೋಟಕ್ಕೆ ನೀರು ನಿಲ್ಲದೆ ಹರಿಯಬೇಕು. ಆ ನೀರಿನ ಜಾಡು ನನ್ನನ್ನು ಹೊಸಪೇಟೆಗೆ ಕರೆದೊಯ್ಯಿತು.

ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅರಸನು ತನ್ನ ಬೇರೆ ಊರುಗಳ ಮರ್ಯಾದಸ್ಥ ವರ್ತಕರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆನ್ನುತ್ತಾನೆ. ಅಲ್ಲಿಂದ ರಾಜಧಾನಿಗೆ ಹೋಗುವ ಹೆದ್ದಾರಿಯ ಎರಡೂ ಬದಿಗೆ ಅಂಗಡಿಗಳು, ನೆರಳಿಗೆಂದು ನೆಡಿಸಿದ ಮರಗಳು. ಬೆಟ್ಟಗಳ ನಡುವೆ ದೊಡ್ಡ ಕೆರೆಯ ಏರಿ ಕಟ್ಟುತ್ತಿದ್ದ 15ರಿಂದ 20 ಸಾವಿರ ಆಳುಗಳನ್ನೂ ಆತ ಕಂಡ. ಇತಿಹಾಸಕಾರ ಸೀವೆಲ್ ಆ ಕೆರೆಯನ್ನು ಗುರುತಿಸಿದ್ದು ಸಂಡೂರು ಬೆಟ್ಟಸಾಲಿನ ಕಣಿವೆ ಬಾಯಲ್ಲಿ, ಹೊಸಪೇಟೆಯ ಪಕ್ಕದಲ್ಲೇ. ಮುಂದೆ ಬಂದ ಫೆರ್ನಾವೊ ನುನೀಜ್ ಉಳಿದ ಕಥೆ ಹೇಳುತ್ತಾನೆ: ಆ ನೀರು ಹರಿದ ಭೂಮಿಗೆ ಅರಸ ಒಂಬತ್ತು ವರ್ಷ ಕಂದಾಯ ಬಿಟ್ಟ, ಆಮೇಲೆ ಅದರ ಉತ್ಪನ್ನ 20,000 ಪರ್ದಾವ್, ಎಂದರೆ ನಮ್ಮ ವರಾಹ, ಮುಟ್ಟಿತು. ಮೊದಲು ನೀರು, ಆಮೇಲೆ ಬೆಳೆ, ಕೊನೆಗೆ ಕಂದಾಯ. ಪೇಟೆಯನ್ನು ಬೆಳೆಸಿದ ಕ್ರಮ ಇದು.

ನುನೀಜ್ ಕುದುರೆ ವ್ಯಾಪಾರಿಯಾಗಿದ್ದನೆನ್ನುತ್ತಾರೆ. ಸುಂಕದ ಲೆಕ್ಕ ಅವನ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಕೊಡುತ್ತಿದ್ದರು. ದಿನಕ್ಕೆ 2,000 ಹೇರೆತ್ತುಗಳು ಒಳಗೆ ಬರುತ್ತಿದ್ದವು, ಎತ್ತಿಗೆ ಮೂರು ವಿಂಟೆಂ ಸುಂಕ. ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲೆಲ್ಲೂ ಸುಂಕವಿಲ್ಲ. ಈ ಅಂಕಿಗಳನ್ನು ಕಾಗದದ ಮೇಲೆ ಬರೆದು ಕೂಡಿಸಿ ನೋಡಿದೆ. ಪೋರ್ಚುಗೀಸ್ ನಾಣ್ಯಲೆಕ್ಕದಲ್ಲಿ ವಿಂಟೆಂಗೆ 20 ರೇಯ್, ಪರ್ದಾವ್‌ಗೆ 360 ರೇಯ್ ಹಿಡಿದರೆ ಆರು ಎತ್ತಿಗೆ ಒಂದು ಪರ್ದಾವ್. ಎಂದರೆ ವರ್ಷಕ್ಕೆ 1,20,000ಕ್ಕೂ ಮೇಲೆ, ಗುತ್ತಿಗೆಯ ಹತ್ತು ಪಟ್ಟು. ಗುತ್ತಿಗೆ ಒಂದು ಬಾಗಿಲಿನದು, ಎತ್ತುಗಳ ಎಣಿಕೆ ಎಲ್ಲ ಬಾಗಿಲುಗಳದು ಎಂದು ಓದಿದರೆ ಎರಡೂ ಹೊಂದಬಹುದು. ಆಗ ಈ ನಗರಕ್ಕೆ ಒಂದೇ ದಿಕ್ಕಿನ ಪೇಟೆ ಸಾಲುತ್ತಿರಲಿಲ್ಲ ಎಂದೂ ಊಹಿಸಬಹುದು.

ಅದೇ ಶತಮಾನದಲ್ಲಿ ಲಂಡನ್ನಿನ ಹೊಟ್ಟೆ ತುಂಬಿಸುತ್ತಿದ್ದ ಹೆನ್ಲಿಯಂಥ ಪೇಟೆಗಳು ಧಾನ್ಯವನ್ನು ಥೇಮ್ಸ್ ನದಿಯಲ್ಲಿ ದೋಣಿಗಳಿಗೆ ತುಂಬಿ ಕಳಿಸುತ್ತಿದ್ದವು. ಬಂಡೆಗಳ ನಡುವೆ ನುಗ್ಗುವ ತುಂಗಭದ್ರೆಯಲ್ಲಿ ಅದು ಆಗದ ಮಾತು. ಇಲ್ಲಿ ನದಿ ದಾಟಲು ಹರಿಗೋಲು, ಸರಕು ಹೊರಲು ಎತ್ತು. ಆನೆಗುಂದಿಯಲ್ಲಿ ತೊಗಲು ಹೊದಿಸಿದ ಹರಿಗೋಲಿನಲ್ಲಿ 15-20 ಮಂದಿ ದಾಟುವುದನ್ನು ಪಾಯಸ್ ಬರೆದಿದ್ದಾನೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಹಾಗೆಯೇ ದಾಟಿಸುತ್ತಿದ್ದರು.

ನದಿಯಗುಂಟ ಕೆಳಗಿರುವ ಕಂಪ್ಲಿಯ ಕಥೆ ಹೊಸಪೇಟೆಯ ಕಥೆಗೆ ತಿರುವುಮುರುವು. ಅದು ವಿಜಯನಗರಕ್ಕಿಂತ ಮೊದಲೇ ರಾಜಧಾನಿ. 11ನೇ ಶತಮಾನದಲ್ಲೇ ಚೋಳರ ಶಾಸನಗಳಲ್ಲಿ ಅದರ ಅರಮನೆಯ ಹೆಸರಿದೆ. ಕುಮಾರರಾಮನ ತಂದೆ ಕಂಪಿಲರಾಯನ ರಾಜ್ಯ 1327ರಲ್ಲಿ ತುಘಲಕ್ ಸೇನೆಗೆ ಬಿತ್ತು. ಅರಸೊತ್ತಿಗೆ ಹೋದ ಮೇಲೂ ಊರು ಉಳಿಯಿತು, ಗದ್ದೆ ಮತ್ತು ನದಿಯ ಬಲದಿಂದ.

1565ರಲ್ಲಿ ರಾಜಧಾನಿ ಹಾಳಾಯಿತು. ಹೇರೆತ್ತುಗಳ ದಾರಿಯಲ್ಲಿದ್ದ ಹೊಸಪೇಟೆ ಹಾಳಾಗಲಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೇಂದ್ರವೇ ಆಯಿತು. ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಜಿಲ್ಲೆಯ ಗೆರೆ ಎಲ್ಲಿದ್ದರೂ ಇವೆಲ್ಲದರ ಇತಿಹಾಸ ಒಂದೇ.

ಆ ಇತಿಹಾಸದ ಅರ್ಧ ಭಾಗ ಪರದೇಶದವರ ಬರಹದಿಂದ ತಿಳಿದದ್ದು. ನಮ್ಮವರು ಬರೆದ ಹಳೆಯ ಕಡತ, ಲೆಕ್ಕದ ಪುಸ್ತಕ, ಸುಂಕದ ಚೀಟಿ ಈ ಊರುಗಳ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗದವರಿಗೆ ಒಮ್ಮೆ ತೋರಿಸಿ.