ಕುದುರೆಯ ಕಾಲಿಗೆ ನೆಲದ ಹದ

ಕುದುರೆಯ ಓಟವೆಂದೊಡನೆ ನಮ್ಮ ಕಣ್ಣು ಕುದುರೆಯ ಮೇಲೂ ಸವಾರನ ಮೇಲೂ ನಿಲ್ಲುವುದು. ಅವರಿಬ್ಬರನ್ನೂ ಹೊತ್ತ ನೆಲವನ್ನು ನಾವು ಗಮನಿಸುವುದು ಅಪೂರ್ವ. ಆ ನೆಲದ ಚರಿತ್ರೆಯನ್ನು ಇಂದು ಸಂಕ್ಷೇಪವಾಗಿ ವಿಚಾರಿಸೋಣ.

ಇದಕ್ಕೆ ಬೀಳಗಿಯ ಸೀಮೆಯಿಂದ ಹೊರಡುವುದು ಉಚಿತವಾಗಿದೆ. ಕೃಷ್ಣಾ ಘಟಪ್ರಭೆಗಳ ನಡುವಣ ಈ ನಾಡಿನ ಎರೆಭೂಮಿಯು ಬಿಳಿಜೋಳಕ್ಕೆ ತವರು. ಆದರೆ ಅದೇ ಎರೆಯು ಬೇಸಗೆಯಲ್ಲಿ ಕಾಲು ಸಿಕ್ಕುವಂತೆ ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಗೊರಸಿಗೆ ಮೆತ್ತಿ ಹಿಡಿಯುತ್ತದೆ. ಬೆಳೆಗೆ ಒಳ್ಳೆಯದಾದ ಮಣ್ಣು ಓಟಕ್ಕೂ ಒಳ್ಳೆಯದೆಂದು ಹೇಳುವಂತಿಲ್ಲ.

ಓಟದ ನೆಲವನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕೆಂಬ ಅರಿವು ನಮ್ಮಲ್ಲಿ ಹೊಸದಲ್ಲ. 12ನೆಯ ಶತಮಾನದಲ್ಲಿ ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು, ‘ಮಾನಸೋಲ್ಲಾಸ’ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ವಿವರಿಸುವಾಗ ‘ವಾಜಿವಾಹ್ಯಾಳಿ’ಗೂ ಸ್ಥಾನ ಕೊಟ್ಟಿದ್ದಾನೆ. ಕುದುರೆಯೇರಿ ಚೆಂಡಾಡುವ ಆ ಬಯಲು ಸಮವಾಗಿರಬೇಕು, ಕಲ್ಲುಹರಳುಗಳಿಲ್ಲದೆ ಇರಬೇಕು. ನಮ್ಮ ಹಳೆಯ ಕಾವ್ಯಗಳಲ್ಲಿ ಬರುವ ‘ವೈಹಾಳಿ’ ಎಂಬ ಮಾತು ಈ ಶಬ್ದದ ಇನ್ನೊಂದು ರೂಪ.

ಆಧುನಿಕ ರೀತಿಯ ಪಂದ್ಯಗಳಿಗಾಗಿ ಮೈಸೂರಿನಲ್ಲಿ 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ರೇಸ್ ಕ್ಲಬ್ಬು ಸ್ಥಾಪಿತವಾಯಿತು. ಮೈಸೂರು ಬೆಂಗಳೂರುಗಳಲ್ಲಿ ಪಂದ್ಯಗಳು ನಡೆದುಬಂದಿರುವುದು ಹುಲ್ಲುನೆಲದ ಮೇಲೆ. ಮರಳಿನ ಹಾದಿಯು ಕುದುರೆಗಳ ಬೆಳಗಿನ ಸಾಧನೆಗಾಗಿ. ಅಮೆರಿಕದಲ್ಲಾದರೋ ಮಣ್ಣಿನ ಮೇಲೆಯೇ ಪಂದ್ಯ ನಡೆಸುವುದು ಹೆಚ್ಚಿನ ರೂಢಿ. 1875ರಲ್ಲಿ ಆರಂಭವಾದ ಕೆಂಟಕಿ ಡರ್ಬಿಯೂ ಮಣ್ಣಿನ ಮೇಲಿನ ಓಟವೇ.

ಇಂತಹ ಹಾದಿಯು ನೋಡುವುದಕ್ಕೆ ಬರಿಯ ಮಣ್ಣು. ಅದರ ರಚನೆಯಾದರೋ ಪದರಪದರವಾದುದು. ಕೆಳಗೆ ಗಟ್ಟಿಯಾದ ತಳ. ಮೇಲೆ ಮೂರು ನಾಲ್ಕು ಅಂಗುಲ ದಪ್ಪದ ಸಡಿಲ ಪದರ. ಈ ಪದರದಲ್ಲಿ ಮರಳೇ ಹೆಚ್ಚು. ಅದನ್ನು ಬಂಧಿಸುವಷ್ಟು ಮಾತ್ರ ಮೆಕ್ಕಲು, ಜೇಡಿ. ನಾಗಾಲೋಟದಲ್ಲಿ ಸುಮಾರು 500 ಕಿಲೋಗ್ರಾಂ ತೂಕದ ಕುದುರೆಯ ಒಂದೇ ಮುಂಗಾಲಿನ ಮೇಲೆ ದೇಹದ ತೂಕದ 2ರಷ್ಟಕ್ಕೂ ಮೀರಿದ ಭಾರ ಬೀಳುತ್ತದೆ. ನೆಲ ಬಿರುಸಾದರೆ ಆ ಹೊಡೆತವೆಲ್ಲ ಎಲುಬಿಗೆ. ಅತಿ ಸಡಿಲವಾದರೆ ನರಗಳು ಸೆಳೆದು ನೋಯುತ್ತವೆ. ಆದುದರಿಂದ ಓಟ ಓಟದ ನಡುವೆ ಹಾದಿಯನ್ನು ಹರಗಿ, ಗೊರಸಿನ ಕುಳಿಗಳನ್ನು ಮುಚ್ಚಿ, ಒಣಗದಂತೆ ನೀರು ಚಿಮುಕಿಸುವರು. ಮಳೆಯ ಸೂಚನೆ ಕಂಡರೆ ಮೇಲ್ಮೈಯನ್ನು ಒತ್ತಿ ನಯಗೊಳಿಸಿ, ನೀರು ಇಂಗದೆ ಹರಿದುಹೋಗುವಂತೆ ಮಾಡುವರು. ಅನಂತರ ಮತ್ತೆ ಹರಗಿ ಸಡಿಲಿಸುವರು.

ಇಷ್ಟು ಎಚ್ಚರವಿದ್ದರೂ ಅನಾಹುತ ತಪ್ಪಿಲ್ಲ. ಕ್ಯಾಲಿಫೋರ್ನಿಯದ ಸಾಂಟಾ ಅನಿಟ ಮೈದಾನದಲ್ಲಿ, 2018ರ ಡಿಸೆಂಬರಿನಿಂದ 2019ರ ಜೂನಿನವರೆಗಿನ ಪಂದ್ಯಕಾಲದಲ್ಲಿ, 30 ಕುದುರೆಗಳು ಸತ್ತವು. ಆ ಚಳಿಗಾಲದಲ್ಲಿ ಅಲ್ಲಿ ವಿಪರೀತ ಮಳೆಯಾಗಿತ್ತು. ಮಳೆಯೊಂದೇ ಕಾರಣವಲ್ಲ, ಮೊದಲೇ ನೊಂದಿದ್ದ ಕಾಲುಗಳನ್ನೂ ಓಡಿಸಿದ್ದುಂಟು. ಆದರೂ ಓಟವನ್ನು ನಿಲ್ಲಿಸಿ ಪರೀಕ್ಷಿಸಬೇಕಾಗಿ ಬಂದುದು ನೆಲವನ್ನೇ.

ಬೀಳಗಿಯ ರೈತನು ಬಿತ್ತನೆಗೆ ಮುನ್ನ ಮಣ್ಣನ್ನು ಹಿಡಿಯಲ್ಲಿ ಒತ್ತಿ ಹದ ನೋಡುವನು. ಓಟದ ಹಾದಿಯನ್ನು ಕಾಯುವವನ ವಿದ್ಯೆಯೂ ಇದೇ. ರೈತನ ಅಂದಾಜು ತಪ್ಪಿದರೆ ನಷ್ಟ ಅವನಿಗೇ; ಇವನದು ತಪ್ಪಿದರೆ ಮಾತು ಬಾರದ ಪ್ರಾಣಿಗೆ. ಪಂದ್ಯವನ್ನು ನೋಡಿ ಸಂತೋಷಪಡುವ ನಾವು, ಗೆದ್ದ ಕುದುರೆಯ ಹೆಸರನ್ನು ಕೇಳುವ ಮೊದಲು, ನೆಲ ಹೇಗಿದೆಯೆಂದು ಕೇಳುವುದನ್ನು ಕಲಿಯಬೇಕು.