ಹಳದಿಯಾದ ಕಪಾಟು, ಎಂಟು ಪಟ್ಟು ದಂಡ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಚಹಾ ಕೊಡೋಕೂ ಮೊದಲು ನನ್ನನ್ನ ಅಡುಗೆಮನೆಗೆ ಕರೆದುಕೊಂಡು ಹೋದಳು. "ನೋಡಪಾ, ಬಿಳೇ ಕಪಾಟ ಅರಿಷಿಣ ಹಚ್ಚಿಕೊಂಡ ಕುಂತಾವು" ಅಂದಳು. ನಿಜ. ಎಂಟು ತಿಂಗಳ ಹಿಂದೆ 1,80,000 ರೂಪಾಯಿ ಕೊಟ್ಟು ಮಾಡಿಸಿದ ಮಾಡ್ಯುಲರ್ ಕಿಚನ್, ಹಾಲಿನಂಥ ಬಿಳುಪು ಹೋಗಿ ಹಳೇ ಪೋಸ್ಟ್‌ಕಾರ್ಡಿನ ಬಣ್ಣಕ್ಕೆ ಬಂದಿತ್ತು.

ನಮ್ಮೂರು ಹತ್ತರಗಿ, ಹುಕ್ಕೇರಿ ತಾಲೂಕು. ಬೆಳಗಾವಿಯಿಂದ ಕೊಲ್ಲಾಪುರದ ಕಡೆ ಹೋದವರಿಗೆ ಟೋಲ್ ನಾಕಾದ ಹೆಸರಾಗಿ ಗೊತ್ತಿರಬಹುದು. ಕಪಾಟು ಮಾಡಿಕೊಟ್ಟಿದ್ದು ಬೇರೆ ಊರಿನ ಒಂದು ಅಂಗಡಿ. ಫೋನ್ ಮಾಡಿದೆ. "ಬಣ್ಣಕ್ಕ ಗ್ಯಾರಂಟಿ ಇರಂಗಿಲ್ರೀ ಸರ. ನಿಮ್ಮ ಮನಿ ಒಗ್ಗರಣಿ ಘಾಟಿಗೆ ಹಂಗಾಗೇತಿ" ಅಂದರು. ತಪ್ಪು ಅವ್ವನ ಒಗ್ಗರಣೆಯ ಮೇಲೆ ಬಂತು!

ಬಗ್ ಹುಡುಕುವುದೇ ನನ್ನ ಕಸುಬು. ಎಲ್ಲ ಬಾಗಿಲುಗಳನ್ನೂ ಒಂದೊಂದಾಗಿ ನೋಡಿದೆ. ಒಲೆಯ ಪಕ್ಕದ ಬಾಗಿಲಿಗಿಂತ ದೂರದ ಕಿಟಕಿ ಹತ್ತಿರದ ಬಾಗಿಲುಗಳೇ ಹೆಚ್ಚು ಹಳದಿ. ಅಲ್ಲಿ ನೇತುಹಾಕಿದ್ದ ಕ್ಯಾಲೆಂಡರ್ ತೆಗೆದರೆ ಹಿಂದೆ ಅಚ್ಚುಕಟ್ಟಾದ ಬಿಳಿ ಚೌಕ. ಅಂದರೆ ಹೊಗೆಗಿಂತ ಬೆಳಕಿನ ಮೇಲೇ ಅನುಮಾನ. ಹೊಳಪಿನ ಪಾಲಿಯುರೆಥೇನ್ ಲೇಪನದಲ್ಲಿ ಎರಡು ಬಗೆ ಇವೆ. ಅರೋಮ್ಯಾಟಿಕ್ ಬಗೆಯದು ಅಗ್ಗ, ಅತಿನೇರಳೆ ಕಿರಣ ಬಿದ್ದರೆ ಹಳದಿಗೆ ತಿರುಗುತ್ತದೆ. ಅಲಿಫ್ಯಾಟಿಕ್ ಬಗೆಯದು ದುಬಾರಿ, ಬಣ್ಣ ಬಹುಕಾಲ ತಡೆಯುತ್ತದೆ. ನಮ್ಮದಕ್ಕೆ ಯಾವುದನ್ನು ಹಚ್ಚಿದ್ದರೋ ಪ್ರಯೋಗಾಲಯವೇ ಹೇಳಬೇಕು. ಆದರೆ ಒಗ್ಗರಣೆ ನಿರ್ದೋಷಿ ಅಂತ ನನಗಂತೂ ಖಾತ್ರಿಯಾಯ್ತು :-)

ಅಪ್ಪ ಮಾತ್ರ "ಹೋಗ್ಲಿ ಬಿಡೋ, ಬ್ಯಾಂವಗೂ ಹೊಟ್ಟಿ ಐತಿ" ಅಂದರು. ನಂತರ ಪಡಸಾಲೆಯ ಸಾಗವಾನಿ ಕಪಾಟಿನ ಕಡೆ ಕೈ ತೋರಿಸಿ, ಅಜ್ಜನ ಕಾಲದಲ್ಲಿ ಅದರ ಬಾಗಿಲು ಸಡಿಲಾದರೆ ಬಡಿಗ ತಾನಾಗೇ ಬಂದು ಕೂರಿಸಿ ಹೋಗುತ್ತಿದ್ದ, ದುಡ್ಡು ಕೇಳುತ್ತಿರಲಿಲ್ಲ ಅಂದರು. ಅಲ್ಲಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಕೊಂಡ ಮೇಲೆ ಕೆಟ್ಟರೆ ಹೊಣೆ ಯಾರದು? ಇದಕ್ಕೆ ನಮ್ಮ ಜನ ಕಾಲಕಾಲಕ್ಕೆ ಏನು ಉತ್ತರ ಕೊಟ್ಟಿದ್ದಾರೆ?

ಬಡಿಗ ದುಡ್ಡು ಕೇಳದೇ ಇದ್ದುದಕ್ಕೆ ಕಾರಣ ಆಯದ ಪದ್ಧತಿ. ಬಡಿಗ, ಕಮ್ಮಾರ, ಕುಂಬಾರ ಮುಂತಾದ ಆಯಗಾರರಿಗೆ ಸುಗ್ಗಿಯಲ್ಲಿ ರಾಶಿಯಿಂದ ಪಾಲು ಹೋಗುತ್ತಿತ್ತು. ವರ್ಷವಿಡೀ ರೈತನ ನೇಗಿಲು, ಕುಂಟೆ ನೋಡಿಕೊಳ್ಳುವುದು ಅವರ ಜವಾಬ್ದಾರಿ. ಇಂದಿನ ಭಾಷೆಯಲ್ಲಿ ವಾರ್ಷಿಕ ನಿರ್ವಹಣಾ ಒಪ್ಪಂದ. ಆದರೆ ಅದನ್ನು ಸುವರ್ಣಯುಗ ಅಂತ ಹಾಡಿ ಹೊಗಳಲಾರೆ. ಕೆಲಸ ಜಾತಿಗೆ ಕಟ್ಟುಬಿದ್ದಿತ್ತು, ಪಾಲು ಎಷ್ಟು ಅಂತ ಬಡಿಗ ಹೇಳುವ ಹಾಗಿರಲಿಲ್ಲ. ಕೊಳ್ಳುವವನ ನೆಮ್ಮದಿಗೆ ಮಾಡುವವನ ಸ್ವಾತಂತ್ರ್ಯವೇ ಬೆಲೆಯಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದ ನಾಲ್ಕನೇ ಅಧಿಕರಣದಲ್ಲಿ ವ್ಯಾಪಾರಿಗಳ ಮೋಸದ ಪಟ್ಟಿಯೇ ಇದೆ. ಮರ, ಲೋಹ, ರತ್ನ, ಹಗ್ಗ, ಚರ್ಮ, ಮಣ್ಣಿನ ಸಾಮಾನುಗಳಲ್ಲಿ ಕೀಳಾದದ್ದನ್ನು ಮೇಲಾದದ್ದೆಂದು ಮಾರಿದರೆ ಬೆಲೆಯ ಎಂಟು ಪಟ್ಟು ದಂಡ. ಪಟ್ಟಿಯಲ್ಲಿ ಮರವೇ ಮೊದಲು! ನಮ್ಮ ಕಪಾಟಿಗೆ ಲೆಕ್ಕ ಹಾಕಿದೆ, 14,40,000 ರೂಪಾಯಿ. ಆದರೆ ಖುಷಿಪಡುವಂತಿಲ್ಲ. ದಂಡ ಎಂದರೆ ರಾಜನ ಬೊಕ್ಕಸಕ್ಕೆ ಹೋಗುವ ಹಣ. ಅವ್ವನ ಕಪಾಟು ಹಳದಿಯಾಗೇ ಉಳಿಯುತ್ತಿತ್ತು.

ಬ್ರಿಟಿಷರು ಬಂದಾಗ ಅವರ ಜೊತೆ 'ಕೊಳ್ಳುವವನೇ ಎಚ್ಚರವಾಗಿರಲಿ' ಎಂಬ ತತ್ವವೂ ಬಂತು. 1603ರ ಲಂಡನ್ನಿನ ಒಂದು ಮೊಕದ್ದಮೆ ಪ್ರಸಿದ್ಧ. ಅಕ್ಕಸಾಲಿಗನೊಬ್ಬ ವಿಷಕ್ಕೆ ಮದ್ದೆಂದು ನಂಬಿದ್ದ ಬೆಜೋರ್ ಕಲ್ಲು ಇದು ಅಂತ ಹೇಳಿ 100 ಪೌಂಡಿಗೆ ಮಾರಿದ್ದ. ಕಲ್ಲು ಖೋಟಾ. ಬರೀ ಬಾಯಿಮಾತಿನಲ್ಲಿ ಹೇಳಿದರೆ ಅದು ಭರವಸೆ ಆಗುವುದಿಲ್ಲ ಎಂದು ಕೊಂಡವನನ್ನು ಬರಿಗೈಲಿ ಕಳಿಸಿದರು. ನಮ್ಮಲ್ಲಿ 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮೂ ಇದೇ ತತ್ವದಿಂದ ಶುರುವಾಗುತ್ತದೆ. ಆದರೆ ಕೂಡಲೇ ವಿನಾಯಿತಿಗಳನ್ನೂ ಹೇಳುತ್ತದೆ. ಅಂಥ ಸರಕಿನ ವ್ಯಾಪಾರಿಯೇ ಹೇಳಿದ ವಿವರಣೆ ನಂಬಿ ಕೊಂಡಿದ್ದರೆ ಮಾಲು ಮಾರಾಟಯೋಗ್ಯ ಗುಣಮಟ್ಟದ್ದಾಗಿರಲೇಬೇಕು. ನೋಡಿದ್ದರೆ ಕಣ್ಣಿಗೆ ಬೀಳುತ್ತಿದ್ದ ದೋಷ ಮಾತ್ರ ಕೊಂಡವನ ಪಾಲಿಗೆ. ಎಂಟು ತಿಂಗಳ ಮೇಲೆ ಬರುವ ಹಳದಿ ಮೊದಲ ದಿನ ಯಾರ ಕಣ್ಣಿಗೆ ಕಂಡೀತು?

ಹಕ್ಕೇನೋ ಇತ್ತು, ಆದರೆ ಅದಕ್ಕಾಗಿ ಸಿವಿಲ್ ಕೋರ್ಟು, ವಕೀಲರು, ವರ್ಷಗಟ್ಟಲೆ ವಾಯಿದೆ. ಕಪಾಟಿನ ಬಾಗಿಲಿಗೆ ಯಾರು ಹೋಗುತ್ತಾರೆ? 1969ರ ಏಕಸ್ವಾಮ್ಯ ತಡೆ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ಮಾಡಿ ಅನುಚಿತ ವ್ಯಾಪಾರ ಪದ್ಧತಿಗಳನ್ನು ಸೇರಿಸಿದರು. ಅದರ ಆಯೋಗ ಇದ್ದದ್ದು ದೂರದ ದಿಲ್ಲಿಯಲ್ಲಿ.

ಹಾಗಾಗಿ 1986ರ ಡಿಸೆಂಬರ್ 24 ದೊಡ್ಡ ದಿನ. ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಅಂದು. ಜಿಲ್ಲೆಗೊಂದು ವೇದಿಕೆ, ವಕೀಲರು ಕಡ್ಡಾಯವಲ್ಲ, ಮೊದಲಿಗೆ 1 ಲಕ್ಷದವರೆಗಿನ ವ್ಯಾಜ್ಯ. ಎಲ್ಲಕ್ಕಿಂತ ಮುಖ್ಯ, ದೋಷ ಸರಿಪಡಿಸು, ಬದಲಿ ಕೊಡು, ಹಣ ವಾಪಸ್ ಮಾಡು, ನಷ್ಟ ಕಟ್ಟಿಕೊಡು ಎಂದು ಆದೇಶಿಸುವ ಅಧಿಕಾರ. ಕೌಟಿಲ್ಯನ ಎಂಟು ಪಟ್ಟಿಗಿಂತ ಇದು ದೊಡ್ಡದು ಅಂತ ನನಗನಿಸುತ್ತದೆ. ಯಾಕೆಂದರೆ ಇಲ್ಲಿ ಪರಿಹಾರ ಬರುವುದು ಕೊಂಡವನ ಮನೆಗೆ.

2020ರ ಜುಲೈ 20ರಿಂದ ಜಾರಿಯಾದ 2019ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ. ಅಂಗಡಿ ಯಾವ ಊರಲ್ಲೇ ಇರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹತ್ತರಗಿಯವರಿಗೆ ಬೆಳಗಾವಿ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಪರೀಕ್ಷೆ ಇಲ್ಲದೆ ದೋಷ ಗೊತ್ತಾಗದಿದ್ದರೆ ಆಯೋಗವೇ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ.

ಇಷ್ಟೆಲ್ಲ ಓದಿ ಎದೆಯುಬ್ಬಿಸಿ ಅಪ್ಪನ ಮುಂದೆ ನಿಂತೆ. ಅವರು ಕೇಳಿದ್ದು ಒಂದೇ ಮಾತು, "ಬಿಲ್ ಎಲ್ಲೈತಿ?"

ಬಿಲ್ಲಿರಲಿಲ್ಲ. ಜಿಎಸ್‌ಟಿ ಬೇಡ ಅಂತ ಬಿಲ್ ಇಲ್ಲದೆ ವ್ಯವಹಾರ ಮುಗಿಸಿದ್ದು ನಾನೇ. 18 ಪರ್ಸೆಂಟ್ ಲೆಕ್ಕದಲ್ಲಿ 32,400 ರೂಪಾಯಿ ಉಳಿಸಿದೆ ಅಂತ ಬೀಗಿದವನೂ ನಾನೇ. ಅಂಗಡಿಯವರ ಮೋಸದ ಬಗ್ಗೆ ಇಷ್ಟುದ್ದ ಪುರಾಣ ಹೇಳಿದವನಿಗೆ ನನ್ನ ಮೋಸ ನೆನಪಿಗೇ ಬಂದಿರಲಿಲ್ಲ.

ಆದರೂ ಕಾನೂನು ನನ್ನಂಥವನನ್ನೂ ಪೂರ್ತಿ ಕೈಬಿಟ್ಟಿಲ್ಲ. ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಕಾಯ್ದೆ ಹೇಳುತ್ತದೆ. ಬ್ಯಾಂಕಿನಿಂದ ಹಣ ಕಳಿಸಿದ ದಾಖಲೆ ಇತ್ತು, ವಾಟ್ಸ್‌ಆ್ಯಪಿನಲ್ಲಿ ಕೊಟೇಶನ್ ಇತ್ತು, ಕ್ಯಾಲೆಂಡರ್ ಹಿಂದಿನ ಬಿಳಿ ಚೌಕದ ಫೋಟೋ ಇತ್ತು. ಅಪ್ಪನೇ ಕೂತು ಕನ್ನಡದಲ್ಲಿ ಒಂದೂವರೆ ಪುಟದ ಪತ್ರ ಬರೆದರು. ಬೈಗುಳವಿಲ್ಲ, ದಿನಾಂಕಗಳಿವೆ, ಕೊನೆಯಲ್ಲಿ ಒಂದು ತಿಂಗಳ ಗಡುವು. ಅಂಚೆ ಕಚೇರಿಗೆ ಹೋಗಿ ರಸೀದಿ ಸಮೇತ ಕಳಿಸಿದರು.

ಹನ್ನೆರಡನೇ ದಿನ ಅಂಗಡಿಯಿಂದ ಫೋನು. ಕಿಟಕಿ ಕಡೆಯ ಐದು ಬಾಗಿಲು ಬದಲಿಸಿಕೊಡುತ್ತೇವೆ, ಉಳಿದದ್ದು ಆಗಲ್ಲ ಅಂದರು. ಅಪ್ಪ ಒಪ್ಪಿದರು. ನಾನು ಎಲ್ಲ ಬಾಗಿಲೂ ಬೇಕು ಅಂತಿದ್ದೆ, ಆದರೆ ನನ್ನ 32,400 ನೆನಪಾಗಿ ಸುಮ್ಮನಾದೆ. ಹೊಸ ಬಾಗಿಲು ಬಂದವು. ಒಲೆ ಪಕ್ಕದ್ದು ಈಗಲೂ ಸ್ವಲ್ಪ ಹಳದಿ. ಅವ್ವ ಆ ಕ್ಯಾಲೆಂಡರನ್ನ ತಂದು ಅದರ ಮೇಲೇ ಹಾಕಿದ್ದಾಳೆ.

ಮೊನ್ನೆ ಅಪ್ಪ ಹುಕ್ಕೇರಿಯಲ್ಲಿ ಒಂದು ಮಿಕ್ಸರ್ ತಗೊಂಡರಂತೆ. ಫೋನ್ ಮಾಡಿ ಮೊದಲು ಹೇಳಿದ್ದು ಬೆಲೆಯಲ್ಲ, "ಬಿಲ್ ತಗೊಂಡೇನಪಾ" ಅಂತ.

ನಿಮ್ಮ ಮನೆಗಳಲ್ಲೂ ಇಂಥ ಕಪಾಟುಗಳಿರಬೇಕಲ್ಲ... ಬಿಲ್ಲು ಎಲ್ಲಿದೆ, ಒಮ್ಮೆ ನೋಡಿಬನ್ನಿ.